ಕೆರ್ಬಲ್ ಸ್ಪೇಸ್ ಪ್ರೋಗ್ರಾಂ: ರಾಕೆಟ್‌ಗೆ ಶಕ್ತಿ ಜಾಸ್ತಿಯಾದರೆ ಏನು ಮಾಡಬೇಕು?

ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಅಂದರೆ ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ. ಅದರಲ್ಲಿ ಸ್ಪೇಸ್‌ಬಾರ್ ಒತ್ತಿದ್ದೇ ತಡ, ರಾಕೆಟ್ ಚಿಮ್ಮುತ್ತದೆ. ಹನ್ನೆರಡು ಹದಿಮೂರು ಸೆಕೆಂಡ್‌ಗೆಲ್ಲ ಶಬ್ದದ ವೇಗದ ಹತ್ತಿರ. ಮೂತಿಯ ಸುತ್ತ ಮೊದಲು ಬಿಳಿ ಮಂಜು, ಆಮೇಲೆ ಕೆಂಪು ಜ್ವಾಲೆ. ಪೂರ್ವಕ್ಕೆ ಸ್ವಲ್ಪ ಬಾಗಿಸೋಣ ಅಂತ ಡಿ ಕೀ ಮುಟ್ಟಿದರೆ ರಾಕೆಟ್ ಗಿರ್ರನೆ ತಿರುಗಿ ಬಾಲ ಮುಂದೆ ಮಾಡಿಕೊಂಡು ಹೋಗುತ್ತದೆ. ಅದೃಷ್ಟಕ್ಕೆ ತಿರುಗದೆ ಉಳಿದರೂ ನೆಟ್ಟಗೆ ಮೇಲೆ ಹೋಗಿ, ಕಕ್ಷೆ ಸೇರದೆ, ನೆಟ್ಟಗೆ ಕೆಳಗೆ ಬರುತ್ತದೆ.

ಇಂಥ ಹೊತ್ತಲ್ಲಿ ಹೊಸ ಆಟಗಾರರು ಮಾಡುವ ಮೊದಲ ಕೆಲಸ ಇನ್ನೆರಡು ಬೂಸ್ಟರ್ ಅಂಟಿಸುವುದು. ಈ ಆಟದ ಅಭಿಮಾನಿಗಳಲ್ಲಿ ಅದೊಂದು ಹಳೇ ಜೋಕ್ ಕೂಡ. ಆದರೆ ಮೇಲೆ ಹೇಳಿದ ಲಕ್ಷಣಗಳೆಲ್ಲ ಶಕ್ತಿ ಕಡಿಮೆಯಾದದ್ದರ ಗುರುತಲ್ಲ, ಜಾಸ್ತಿಯಾದದ್ದರ ಗುರುತು. ಹಾಗಾಗಿ ಇಲ್ಲಿ ಮಾಡುವುದೆಲ್ಲ ಕಳೆಯುವ ಕೆಲಸ. ಒಂದು ಮಾಮೂಲಿ ರಾಕೆಟ್ ತಗೊಂಡು, ಬಿಚ್ಚಿ, ಅರ್ಧಕ್ಕಿಂತ ಕಡಿಮೆ ತೂಕಕ್ಕೆ ಇಳಿಸಿ, ಅದೇ ಕಕ್ಷೆಗೆ ಕಳಿಸೋಣ. ಲೆಕ್ಕಗಳೆಲ್ಲ ಮೊದಲ ಆಟದ 1.12 ಆವೃತ್ತಿಯವು, ಬೇರೆಯವರು ಮಾಡಿದ ಮಾರ್ಪಾಡು (ಮಾಡ್) ಯಾವುದೂ ಇಲ್ಲ.

ನಮ್ಮ ರೋಗಿ

ಮೇಲಿಂದ ಕೆಳಕ್ಕೆ ನೋಡಿ. ಎಂಕೆ1 ಕಮಾಂಡ್ ಪಾಡ್ (ಗಗನಯಾತ್ರಿ ಕೂರುವ ಕೋಶ), ಪ್ಯಾರಾಚೂಟ್, ಹೀಟ್ ಶೀಲ್ಡ್ (ವಾಪಸ್ ಬರುವಾಗ ಬಿಸಿ ತಡೆಯುವ ತಟ್ಟೆ), ಒಂದು ಡಿಕಪ್ಲರ್ (ಭಾಗಗಳನ್ನು ಬೇರ್ಪಡಿಸುವ ಕೊಂಡಿ). ಇಷ್ಟು ಸೇರಿ 1.28 ಟನ್. ಅದರ ಕೆಳಗೆ ಎರಡನೇ ಸ್ಟೇಜ್, ಅಂದರೆ ಹಂತ: ಎಫ್‌ಎಲ್-ಟಿ400 ಟ್ಯಾಂಕ್ ಮತ್ತು ಟೆರಿಯರ್ ಎಂಜಿನ್, 2.75 ಟನ್. ಇನ್ನೊಂದು ಡಿಕಪ್ಲರ್ ದಾಟಿದರೆ ಮೊದಲ ಸ್ಟೇಜ್: ಎಫ್‌ಎಲ್-ಟಿ800 ಟ್ಯಾಂಕ್ ಎರಡು, ಸ್ವಿವೆಲ್ ಎಂಜಿನ್ ಒಂದು, 10.5 ಟನ್. ಪಕ್ಕದಲ್ಲಿ ನಾಲ್ಕು ಹ್ಯಾಮರ್ ಘನ ಇಂಧನದ ಬೂಸ್ಟರ್‌ಗಳು, 14 ಟನ್ ಚಿಲ್ಲರೆ. ಒಟ್ಟು ಸುಮಾರು 29 ಟನ್.

ಅರ್ಧ ತೂಕ ಬೂಸ್ಟರ್‌ಗಳದ್ದೇ ಅನ್ನುವುದನ್ನು ಗಮನಿಸಿ.

ಮೊದಲು ಅಳೆಯಿರಿ

ನೋಡಬೇಕಾದ ಸಂಖ್ಯೆಗಳು ಎರಡೇ. ಒಂದು ಟಿಡಬ್ಲ್ಯೂಆರ್, ಅಂದರೆ ಎಂಜಿನ್‌ಗಳ ಒಟ್ಟು ಥ್ರಸ್ಟ್ (ತಳ್ಳುವ ಬಲ) ರಾಕೆಟ್ಟಿನ ತೂಕದ ಎಷ್ಟು ಪಟ್ಟು ಅನ್ನುವುದು. 1ಕ್ಕಿಂತ ಕಡಿಮೆ ಇದ್ದರೆ ನೆಲ ಬಿಡುವುದೇ ಇಲ್ಲ. ಇನ್ನೊಂದು ಡೆಲ್ಟಾ-ವಿ: ಇರುವ ಇಂಧನವನ್ನೆಲ್ಲ ಸುಟ್ಟರೆ ಒಟ್ಟು ಎಷ್ಟು ವೇಗ ಬದಲಾಯಿಸಬಹುದು ಅನ್ನುವುದು. ಟಿಡಬ್ಲ್ಯೂಆರ್ ಎಷ್ಟು ಜೋರಾಗಿ ಹೋಗುತ್ತೀರಿ ಅಂತ ಹೇಳಿದರೆ, ಡೆಲ್ಟಾ-ವಿ ಎಲ್ಲಿಯವರೆಗೆ ಹೋಗುತ್ತೀರಿ ಅಂತ ಹೇಳುತ್ತದೆ. ಹೊಸಬರು ಮೊದಲನೆಯದನ್ನು ಏರಿಸಿ ಎರಡನೆಯದು ತಾನಾಗೇ ಏರುತ್ತದೆ ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ.

1.6 ಆವೃತ್ತಿಯಿಂದ ಈಚೆಗೆ ಎರಡನ್ನೂ ಆಟವೇ ತೋರಿಸುತ್ತದೆ. ರಾಕೆಟ್ ಜೋಡಿಸುವ ವೆಹಿಕಲ್ ಅಸೆಂಬ್ಲಿ ಕಟ್ಟಡದಲ್ಲಿ ಬಲಗಡೆ ಇರುವ ಸ್ಟೇಜ್ ಪಟ್ಟಿಯನ್ನು ಬಿಡಿಸಿ ನೋಡಿ. ಕೆಳಗಿನ ಡೆಲ್ಟಾ-ವಿ ಬಟನ್ ಒತ್ತಿದರೆ ಯಾವ ಗ್ರಹ, ಸಮುದ್ರ ಮಟ್ಟದ ಲೆಕ್ಕವೋ ನಿರ್ವಾತದ ಲೆಕ್ಕವೋ ಅಂತ ಆರಿಸಬಹುದು. ಮೊದಲ ಸ್ಟೇಜಿನ ಟಿಡಬ್ಲ್ಯೂಆರ್ ಅನ್ನು ಸಮುದ್ರ ಮಟ್ಟದಲ್ಲೇ ನೋಡಿ. ನಿರ್ವಾತದಲ್ಲಿ 215 ಕಿಲೋನ್ಯೂಟನ್ ಕೊಡುವ ಸ್ವಿವೆಲ್ ಲಾಂಚ್‌ಪ್ಯಾಡ್ ಮೇಲೆ ಕೊಡುವುದು 168 ಮಾತ್ರ.

ಈಗ ನಮ್ಮ ರೋಗಿಯ ಲೆಕ್ಕ. ಸ್ವಿವೆಲ್ 168, ಹ್ಯಾಮರ್ ಒಂದಕ್ಕೆ 198ರ ಹಾಗೆ ನಾಲ್ಕಕ್ಕೆ 792. ಒಟ್ಟು 960 ಕಿಲೋನ್ಯೂಟನ್. ತೂಕ 29 ಗುಣಿಸು 9.81, ಅಂದರೆ ಸುಮಾರು 284. ಭಾಗಿಸಿದರೆ 3.4. ಕೆರ್ಬಿನ್‌ನಿಂದ (ಆಟದಲ್ಲಿ ನಮ್ಮ ಭೂಮಿಯ ಜಾಗದಲ್ಲಿರುವ ಗ್ರಹ) ಹೊರಡಲು ಚೆನ್ನಾಗಿರುವುದು 1.3ರಿಂದ 1.7ರ ನಡುವೆ. ನಾವು ಅದರ ಎರಡು ಪಟ್ಟು ದಾಟಿದ್ದೇವೆ.

ಜಾಸ್ತಿ ಇದ್ದರೆ ತಪ್ಪೇನು?

ಬೇಗ ಮೇಲೆ ಹೋದರೆ ಒಳ್ಳೆಯದೇ ಅಲ್ವಾ, ಗುರುತ್ವದ ಜೊತೆ ಗುದ್ದಾಡುವ ಸಮಯ ಕಡಿಮೆಯಾಗುತ್ತದಲ್ಲ ಅಂತ ಕೇಳಬಹುದು. ನಿಜ, ಗಾಳಿ ಇಲ್ಲದಿದ್ದರೆ. ಕೆರ್ಬಿನ್‌ನಲ್ಲಿ 70 ಕಿಲೋಮೀಟರ್‌ವರೆಗೆ ಗಾಳಿ ಇದೆ, ಮೊದಲ ಹತ್ತು ಕಿಲೋಮೀಟರ್‌ನಲ್ಲಿ ಅದು ದಟ್ಟ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು. ಹ್ಯಾಮರ್‌ಗಳು 24 ಸೆಕೆಂಡ್‌ನಲ್ಲಿ ಸುಟ್ಟು ಮುಗಿಯುವ ಹೊತ್ತಿಗೆ ನಮ್ಮ ರಾಕೆಟ್ ಇನ್ನೂ ಹತ್ತು ಕಿಲೋಮೀಟರ್ ಒಳಗೇ ಇರುತ್ತದೆ, ವೇಗ ಮಾತ್ರ ಶಬ್ದದ ಎರಡು ಪಟ್ಟಿನ ಆಸುಪಾಸು. ಹಾರಾಟದಲ್ಲಿ ಎಫ್12 ಒತ್ತಿ ನೋಡಿ. ಭಾಗಗಳಿಂದ ಬಾಣದ ಗುರುತುಗಳು ಹೊರಡುತ್ತವೆ. ತಡೆ ತೋರಿಸುವ ಕೆಂಪು ಬಾಣಗಳು ಉದ್ದುದ್ದ ಬೆಳೆಯುವುದು ಕಾಣುತ್ತದೆ. ನೀವು ದುಡ್ಡು ಕೊಟ್ಟು ತುಂಬಿಸಿದ ಇಂಧನ ಹೋಗುತ್ತಿರುವುದು ಅಲ್ಲಿಗೆ.

ಎರಡನೆಯದು ತಿರುವು. ಕಕ್ಷೆ ಅಂದರೆ ಎತ್ತರ ಅಲ್ಲ, ಅಡ್ಡ ವೇಗ. 80 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರಲು ಸೆಕೆಂಡಿಗೆ ಸುಮಾರು 2,280 ಮೀಟರ್ ಅಡ್ಡ ವೇಗ ಬೇಕು. ಬುಲೆಟ್ ಥರ ಮೇಲೆ ಹೋಗುತ್ತಿರುವ ರಾಕೆಟ್ ಬಾಗುವುದಿಲ್ಲ, ಬಾಗಿಸಿದರೆ ಗಾಳಿ ಅದನ್ನು ಮಗುಚುತ್ತದೆ. ಕೊನೆಗೆ ಅಪೊಯಾಪ್ಸಿಸ್, ಅಂದರೆ ದಾರಿಯ ತುತ್ತತುದಿ, ಎಲ್ಲೋ ಮೇಲೆ ಇರುತ್ತದೆ. ಅಡ್ಡ ವೇಗ ನೋಡಿದರೆ ನಾಲ್ಕು ಕಾಸಿನಷ್ಟು.

ಮೂರನೆಯದು ಸತ್ತ ತೂಕ. ದೊಡ್ಡ ಎಂಜಿನ್ ಭಾರ. ಮೇನ್‌ಸೇಲ್ ಒಂದೇ 6 ಟನ್, ಸ್ಕಿಪ್ಪರ್ 3 ಟನ್. ಸ್ಕಿಪ್ಪರ್ ಸಾಕಾಗುವ ಕಡೆ ಮೇನ್‌ಸೇಲ್ ಹಾಕುವುದು ಒಂದು ಮೂಟೆ ರಾಗಿ ತರಲು ಲಾರಿ ಹಿಡಿದ ಹಾಗೆ. ಮೇಲಾಗಿ ಇಂಧನ ಖಾಲಿಯಾಗುತ್ತಾ ಹೋದಂತೆ ಭಾರವೆಲ್ಲ ಬಾಲದಲ್ಲಿ ಉಳಿಯುತ್ತದೆ. ರಾಕೆಟ್ ಮಗುಚಲು ಅದೂ ಒಂದು ಕಾರಣ.

ಹೆಜ್ಜೆ 1: ನೆತ್ತಿಯಿಂದ ಶುರು ಮಾಡಿ

ಎಲ್ಲರ ಕೈ ಮೊದಲು ಬೂಸ್ಟರ್ ಕಡೆ ಹೋಗುತ್ತದೆ. ಬೇಡ. ಮೇಲಿನ ಒಂದೊಂದು ಕಿಲೋವನ್ನೂ ಕೆಳಗಿನ ಎಲ್ಲ ಸ್ಟೇಜ್‌ಗಳೂ ಹೊರಬೇಕು. ಆದ್ದರಿಂದ ಇಳಿಸುವ ಕೆಲಸ ಮೇಲಿಂದಲೇ ಆಗಬೇಕು.

ಪಾಡ್ ಮೇಲೆ ರೈಟ್ ಕ್ಲಿಕ್ ಮಾಡಿ. ಒಳಗೆ 10 ಯೂನಿಟ್ ಮೊನೊಪ್ರೊಪೆಲೆಂಟ್ ಇದೆ, 40 ಕಿಲೋ. ಅದು ಆರ್‌ಸಿಎಸ್, ಅಂದರೆ ದಿಕ್ಕು ತಿದ್ದುವ ಪುಟ್ಟ ನಳಿಕೆಗಳ ಇಂಧನ. ಆರ್‌ಸಿಎಸ್ ನಳಿಕೆಗಳೇ ಇಲ್ಲದ ಈ ರಾಕೆಟ್‌ಗೆ ಅದರಿಂದ ಉಪಯೋಗ ಏನೂ ಇಲ್ಲ. ಸ್ಲೈಡರ್ ಎಳೆದು ಸೊನ್ನೆ ಮಾಡಿ. ಹೀಟ್ ಶೀಲ್ಡ್‌ನಲ್ಲಿ 200 ಯೂನಿಟ್ ಅಬ್ಲೇಟರ್ (ಬಿಸಿಗೆ ತಾನು ಸುಟ್ಟು ಪಾಡ್ ಉಳಿಸುವ ಪದಾರ್ಥ) ಇದೆ, 200 ಕಿಲೋ. ಕೆಳ ಕಕ್ಷೆಯಿಂದ ವಾಪಸ್ ಬರಲು ಅಷ್ಟೆಲ್ಲ ಬೇಡ, 50 ಸಾಕು. ಎರಡೂ ಸೇರಿ 190 ಕಿಲೋ ಉಳಿಯಿತು.

190 ಕಿಲೋ ಏನು ಮಹಾ ಅನಿಸಬಹುದು. ಮೇಲಿನ ಸ್ಟೇಜಿನ ಡೆಲ್ಟಾ-ವಿ ನೋಡಿ: ಮೊದಲು ಸೆಕೆಂಡಿಗೆ 2,320 ಮೀಟರ್ ಇದ್ದದ್ದು ಈಗ 2,490. ಒಂದು ಹನಿ ಇಂಧನ ಸೇರಿಸದೆ, ಎರಡು ಸ್ಲೈಡರ್ ಎಳೆದು 170 ಮೀಟರ್ ಗಳಿಸಿದಿರಿ. ತುಂಬಿದ ತೂಕಕ್ಕೂ ಖಾಲಿ ತೂಕಕ್ಕೂ ಇರುವ ಅನುಪಾತವೇ ಡೆಲ್ಟಾ-ವಿಯನ್ನು ನಿರ್ಧರಿಸುವುದು. ಸಿಯೋಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ ಅದು, ಆಟದ ಒಳಗೂ ನಡೆಯುವುದು ಅದೇ.

ಹೆಜ್ಜೆ 2: ನಿಜವಾಗಿ ಎಷ್ಟು ಬೇಕು ಅಂತ ಕೇಳಿಕೊಳ್ಳಿ

ಕೆರ್ಬಿನ್‌ನ ಕೆಳ ಕಕ್ಷೆ ಸೇರಲು ಸೆಕೆಂಡಿಗೆ ಸುಮಾರು 3,400 ಮೀಟರ್ ಡೆಲ್ಟಾ-ವಿ ಬೇಕು. ನಮ್ಮ ಮೇಲಿನ ಸ್ಟೇಜ್ 2,490 ಕೊಡುತ್ತದೆ. ಬೂಸ್ಟರ್ ನಾಲ್ಕನ್ನೂ ಕಿತ್ತು ಬರೀ ಸ್ವಿವೆಲ್ ಸ್ಟೇಜ್ ಉಳಿಸಿಕೊಂಡರೆ ಅದು ನಿರ್ವಾತದ ಲೆಕ್ಕದಲ್ಲಿ 2,550 ಕೊಡುತ್ತದೆ. ಕೂಡಿಸಿ. 5,000 ದಾಟಿತು. ಮೊದಲ ಸ್ಟೇಜ್ ಗಾಳಿಯಲ್ಲಿ ಉರಿಯುವುದರಿಂದ ಇದರಲ್ಲಿ ಒಂದಿಷ್ಟು ಸೋರುತ್ತದೆ, ಆದರೂ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ.

ಅಂದರೆ ಆ ನಾಲ್ಕು ಹ್ಯಾಮರ್‌ಗಳು ಬೇಕಾಗೇ ಇರಲಿಲ್ಲ. ಕಿತ್ತುಹಾಕಿ. ಕೆರಿಯರ್ ಮೋಡ್‌ನಲ್ಲಿ ಒಂದಕ್ಕೆ 400ರಂತೆ 1,600 ಫಂಡ್ಸ್ (ಆಟದ ದುಡ್ಡು) ಕೂಡ ಉಳಿಯಿತು.

ಹಳೆಯ ವಿಡಿಯೊ, ಹಳೆಯ ಬರಹ ನೋಡುವಾಗ ಹುಷಾರು. ಕಕ್ಷೆಗೆ 4,500 ಬೇಕು, ಹತ್ತು ಕಿಲೋಮೀಟರ್‌ವರೆಗೆ ನೆಟ್ಟಗೆ ಹೋಗಿ ಆಮೇಲೆ 45 ಡಿಗ್ರಿ ಬಾಗಿಸಿ ಅಂತ ಅಲ್ಲಿ ಬರೆದಿರುತ್ತದೆ. ಅದು 2015ರಲ್ಲಿ 1.0 ಆವೃತ್ತಿ ಬರುವುದಕ್ಕೆ ಮುಂಚಿನ ಮಾತು. ಆಗ ಆಟದ ಗಾಳಿ ಸಾರಿನಷ್ಟು ಗಟ್ಟಿ ಇತ್ತು. ಈಗ ಆ ಸಲಹೆ ಪಾಲಿಸಿದರೆ ರಾಕೆಟ್ ಮಗುಚುವುದು ಗ್ಯಾರಂಟಿ.

ಹೆಜ್ಜೆ 3: ಈಗ ಟಿಡಬ್ಲ್ಯೂಆರ್ ಸರಿಪಡಿಸಿ

ಬೂಸ್ಟರ್ ಹೋದ ಮೇಲೆ ರಾಕೆಟ್ 14.4 ಟನ್. ಸ್ವಿವೆಲ್‌ನ 168 ಕಿಲೋನ್ಯೂಟನ್‌ಗೆ ಟಿಡಬ್ಲ್ಯೂಆರ್ 1.19. ಇದು ಸ್ವಲ್ಪ ಕಡಿಮೆಯೇ. ಹಾರುತ್ತದೆ, ಆದರೆ ತೆವಳುತ್ತಾ. ನೆಟ್ಟಗೆ ಏರುವ ಪ್ರತಿ ಸೆಕೆಂಡೂ ಗುರುತ್ವ 9.8 ಮೀಟರ್ ತಿನ್ನುತ್ತಿರುತ್ತದೆ. ಇಲ್ಲಿ ಎರಡು ದಾರಿ ಇವೆ.

ಒಂದು, ಇಂಧನ ಇಳಿಸುವುದು. ಕೆಳಗಿನ ಎರಡು ಟಿ800 ಟ್ಯಾಂಕ್‌ಗಳಲ್ಲಿ ಒಂದನ್ನು ತೆಗೆದು ಟಿ400 ಹಾಕಿ. ತೂಕ 12.1 ಟನ್‌ಗೆ ಬಂತು, ಟಿಡಬ್ಲ್ಯೂಆರ್ 1.41. ಡೆಲ್ಟಾ-ವಿ ಇನ್ನೂ 4,600 ಚಿಲ್ಲರೆ ಇದೆ. ಕಕ್ಷೆ ಸೇರಿದ ಮೇಲೂ ಸಾವಿರದಷ್ಟು ಉಳಿಯುತ್ತದೆ. ಮುನ್ (ಆಟದ ಚಂದ್ರ) ಕಡೆ ಹೊರಡಲು 860 ಸಾಕು, ಅದನ್ನೊಮ್ಮೆ ಸುತ್ತಿಕೊಂಡು ವಾಪಸ್ ಬರಬಹುದು.

ಇನ್ನೊಂದು, ಎಂಜಿನ್ ಬದಲಿಸುವುದು. ಸ್ವಿವೆಲ್ ಜಾಗದಲ್ಲಿ ರಿಲಯಂಟ್. ಕಾಲು ಟನ್ ಹಗುರ, ಸಮುದ್ರ ಮಟ್ಟದಲ್ಲಿ 205 ಕಿಲೋನ್ಯೂಟನ್. ಎರಡೂ ಟ್ಯಾಂಕ್ ಹಾಗೇ ಇಟ್ಟುಕೊಂಡು 1.48 ಸಿಗುತ್ತದೆ. ಆದರೆ ರಿಲಯಂಟ್‌ನ ನಳಿಕೆ ಆಚೀಚೆ ತಿರುಗುವುದಿಲ್ಲ. ರಾಕೆಟ್ ಬಾಗಿಸಲು ಪಾಡ್ ಒಳಗಿನ ರಿಯಾಕ್ಷನ್ ವೀಲ್ (ತಿರುಗಿ ದಿಕ್ಕು ಬದಲಿಸುವ ಚಕ್ರ) ಒಂದೇ ಸಾಲದು, ಬುಡದಲ್ಲಿ ಅಲುಗಾಡುವ ರೆಕ್ಕೆ ಹಾಕಬೇಕು, ಎವಿ-ಆರ್8 ಥರದ್ದು. ಹೊಸಬರಿಗೆ ನಾನು ಹೇಳುವುದು ಮೊದಲನೇ ದಾರಿ. ನಳಿಕೆ ತಿರುಗುವ ಎಂಜಿನ್ ತುಂಬಾ ತಪ್ಪುಗಳನ್ನು ಮುಚ್ಚಿಹಾಕುತ್ತದೆ.

ಮೇಲಿನ ಸ್ಟೇಜ್‌ಗೆ ಈ 1.3ರ ನಿಯಮ ಇಲ್ಲ. ಅದು ಹೊತ್ತಿಕೊಳ್ಳುವ ಹೊತ್ತಿಗೆ ರಾಕೆಟ್ ಓಡುತ್ತಿರುತ್ತದೆ, 0.8 ಇದ್ದರೂ ನಡೆಯುತ್ತದೆ. ಅಲ್ಲಿ ಹಗುರವಾದ, ಇಂಧನ ಉಳಿಸುವ ಎಂಜಿನ್ ಮುಖ್ಯ. ಅದಕ್ಕೇ ಟೆರಿಯರ್. ಅರ್ಧ ಟನ್ ತೂಕ, 345 ಐಎಸ್‌ಪಿ (ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಅನ್ನುವ ಅಳತೆ). ನೆಲದ ಹತ್ತಿರ ಮಾತ್ರ ಅದನ್ನು ಹೊತ್ತಿಸಬೇಡಿ, 60ರ ಬದಲು 15 ಕಿಲೋನ್ಯೂಟನ್ ಕೂಡ ಕೊಡುವುದಿಲ್ಲ.

ಬೂಸ್ಟರ್ ಬೇಕೇ ಬೇಕು ಅಂದರೆ

ಹೊರೆ ನಿಜವಾಗಿಯೂ ಭಾರವಿದ್ದಾಗ ಬೂಸ್ಟರ್ ಬೇಕಾಗುತ್ತದೆ. ಆಗ ಥ್ರಸ್ಟ್ ಲಿಮಿಟರ್ ಬಳಸಿ. ಘನ ಇಂಧನದ ಬೂಸ್ಟರ್ ಒಮ್ಮೆ ಹೊತ್ತಿದರೆ ಎಂಜಿನ್ ಆರಿಸುವ ಎಕ್ಸ್ ಕೀ ಒತ್ತಿದರೂ ಆರುವುದಿಲ್ಲ, ಹಾಗಾಗಿ ಲೆಕ್ಕ ಹೊರಡುವ ಮುಂಚೆಯೇ ಆಗಬೇಕು. ಕಟ್ಟಡದಲ್ಲೇ ಬೂಸ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸ್ಲೈಡರ್ ಕಾಣುತ್ತದೆ.

ಎಷ್ಟಕ್ಕೆ ಇಡಬೇಕು? ನಮ್ಮ ಮೊದಲಿನ 29 ಟನ್ ರಾಕೆಟ್ಟನ್ನೇ ತಗೊಳ್ಳಿ. ಟಿಡಬ್ಲ್ಯೂಆರ್ 1.5 ಬೇಕು ಅಂದರೆ 284ರ ಒಂದೂವರೆ ಪಟ್ಟು, ಸುಮಾರು 427 ಕಿಲೋನ್ಯೂಟನ್. ಅದರಲ್ಲಿ ಸ್ವಿವೆಲ್‌ನ 168 ಕಳೆದರೆ 259. ನಾಲ್ಕು ಬೂಸ್ಟರ್‌ಗೆ ಹಂಚಿದರೆ ಒಂದಕ್ಕೆ 65. ಪೂರ್ತಿ 198ರಲ್ಲಿ 65 ಅಂದರೆ 33 ಶೇಕಡ. ಸ್ಲೈಡರ್ ಅಲ್ಲಿಗೆ ಎಳೆಯಿರಿ. ಇಂಧನ ಅಷ್ಟೇ, ಐಎಸ್‌ಪಿ ಅಷ್ಟೇ. 24 ಸೆಕೆಂಡ್ ಉರಿಯುತ್ತಿದ್ದದ್ದು 72 ಸೆಕೆಂಡ್ ಉರಿಯುತ್ತದೆ. ದಟ್ಟ ಗಾಳಿ ದಾಟುವವರೆಗೂ ಹದವಾಗಿ ತಳ್ಳುತ್ತಿರುತ್ತದೆ.

ಇನ್ನೊಂದು ಉಪಾಯ ಇಸ್ರೋದ್ದು. ಚಂದ್ರಯಾನ-3 ಅನ್ನು 2023ರ ಜುಲೈ 14ರಂದು ಹೊತ್ತೊಯ್ದ ಎಲ್‌ವಿಎಂ3 ನೆಲ ಬಿಡುವಾಗ ಉರಿಯುವುದು ಪಕ್ಕದ ಎರಡು ಎಸ್200 ಬೂಸ್ಟರ್‌ಗಳು ಮಾತ್ರ. ನಡುವಿನ ಎಲ್110 ದ್ರವ ಇಂಧನದ ಸ್ಟೇಜ್ ಹೊತ್ತಿಕೊಳ್ಳುವುದು 110 ಸೆಕೆಂಡ್ ಆಸುಪಾಸಿನಲ್ಲಿ, ಅಷ್ಟರಲ್ಲಿ ರಾಕೆಟ್ ಎತ್ತರಕ್ಕೆ ಹೋಗಿರುತ್ತದೆ. ಆಟದಲ್ಲೂ ಹೀಗೇ ಮಾಡಬಹುದು: ಸ್ಟೇಜ್ ಪಟ್ಟಿಯಲ್ಲಿ ನಡುವಿನ ಎಂಜಿನ್ನಿನ ಚಿತ್ರವನ್ನು ಎಳೆದು ಬೂಸ್ಟರ್ ಉದುರುವ ಸ್ಟೇಜಿಗೆ ಹಾಕಿ. ಬೂಸ್ಟರ್‌ಗಳನ್ನು 54 ಶೇಕಡಕ್ಕೆ ಇಟ್ಟರೆ ಅವುಗಳಿಂದಲೇ 1.5 ಬರುತ್ತದೆ. ಸ್ವಿವೆಲ್‌ನ ಇಂಧನವೆಲ್ಲ ಅದು ಚೆನ್ನಾಗಿ ಕೆಲಸ ಮಾಡುವ ತೆಳು ಗಾಳಿಗೆ ಉಳಿಯುತ್ತದೆ. ಒಂದೇ ತೊಡಕು, ಹ್ಯಾಮರ್‌ನ ನಳಿಕೆಯೂ ತಿರುಗುವುದಿಲ್ಲ. ಆದ್ದರಿಂದ ಇಲ್ಲೂ ಅಲುಗಾಡುವ ರೆಕ್ಕೆ ಬೇಕು. ಬೂಸ್ಟರ್ ತಲೆಗೆ ಮೂತಿ ಟೋಪಿ ಹಾಕುವುದನ್ನು ಮರೆಯಬೇಡಿ.

ದ್ರವ ಇಂಧನದ ಎಂಜಿನ್‌ಗೂ ಲಿಮಿಟರ್ ಇದೆ. ಆದರೆ ಅಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಮೇನ್‌ಸೇಲ್‌ಗೆ 45 ಶೇಕಡ ಲಿಮಿಟರ್ ಹಾಕಿದರೆ 6 ಟನ್ ತೂಕ ಹಾಗೇ ಇರುತ್ತದೆ. ಎಂಜಿನ್ನನ್ನೇ ಬದಲಿಸಿ.

ಹೆಜ್ಜೆ 4: ಹೊರಡುವ ಮುಂಚೆ ಎರಡು ಗುಂಡು

ಕಟ್ಟಡದ ಎಡ ಮೂಲೆಯ ಬಟನ್‌ಗಳನ್ನು ಒತ್ತಿದರೆ ಹಳದಿ ಗುಂಡು ಮತ್ತು ನೀಲಿ ಗುಂಡು ಕಾಣುತ್ತವೆ. ಹಳದಿ ಅಂದರೆ ಭಾರದ ಕೇಂದ್ರ, ನೀಲಿ ಅಂದರೆ ಗಾಳಿಯ ಎತ್ತುವ ಬಲದ ಕೇಂದ್ರ. ನೀಲಿ ಯಾವಾಗಲೂ ಹಳದಿಯ ಕೆಳಗೆ ಇರಬೇಕು. ಮೇಲಿದ್ದರೆ ಬುಡದಲ್ಲಿ ಮೂರೋ ನಾಲ್ಕೋ ರೆಕ್ಕೆ ಹಾಕಿ. ಆಮೇಲೆ ಮೊದಲ ಸ್ಟೇಜಿನ ಟ್ಯಾಂಕ್‌ಗಳನ್ನು ಖಾಲಿ ಮಾಡಿ ಇನ್ನೊಮ್ಮೆ ನೋಡಿ. ಹಳದಿ ಗುಂಡು ಜಾಗ ಬದಲಿಸುತ್ತದೆ. ಆಗಲೂ ನೀಲಿ ಕೆಳಗೇ ಉಳಿದರೆ ಸರಿ. ಟ್ಯಾಂಕ್ ಮತ್ತೆ ತುಂಬುವುದು ಮಾತ್ರ ನೆನಪಿರಲಿ!

ಹೆಜ್ಜೆ 5: ಹಾರಿಸುವುದು

ಒಳ್ಳೆ ರಾಕೆಟ್ಟನ್ನೂ ಕೆಟ್ಟದಾಗಿ ಹಾರಿಸಬಹುದು. ನಮ್ಮ 12 ಟನ್ ರಾಕೆಟ್‌ಗೆ ಹೀಗೆ ಮಾಡಿ.

ಟಿ ಒತ್ತಿ ಎಸ್‌ಎಎಸ್ (ರಾಕೆಟ್ಟನ್ನು ಅಲುಗಾಡದಂತೆ ಹಿಡಿಯುವ ವ್ಯವಸ್ಥೆ) ಹಾಕಿ, ಝಡ್ ಒತ್ತಿ ಪೂರ್ತಿ ಥ್ರಾಟಲ್ ಕೊಟ್ಟು ಹೊರಡಿ. ವೇಗ 60-70 ಮೀಟರ್ ಆದಾಗ ಪೂರ್ವಕ್ಕೆ, ಅಂದರೆ ನ್ಯಾವ್‌ಬಾಲ್‌ನ (ಪರದೆಯ ಕೆಳಗಿರುವ, ದಿಕ್ಕು ತೋರಿಸುವ ಗೋಳ) 90 ಗುರುತಿನ ಕಡೆಗೆ, ಐದು ಡಿಗ್ರಿ ಬಾಗಿಸಿ. ಅಷ್ಟೇ. ರಾಕೆಟ್ ಸಾಗುತ್ತಿರುವ ದಿಕ್ಕು ತೋರಿಸುವ ಹಳದಿ ಪ್ರೋಗ್ರೇಡ್ ಗುರುತು ನಿಧಾನಕ್ಕೆ ಮೂತಿಯ ಹತ್ತಿರ ಬರುತ್ತದೆ. ಬಂದ ಮೇಲೆ ಕೈ ಬಿಡಿ. ಎಸ್‌ಎಎಸ್‌ನಲ್ಲಿ ಪ್ರೋಗ್ರೇಡ್ ಹಿಡಿಯುವ ಬಟನ್ ಸಿಕ್ಕಿದ್ದರೆ ಅದನ್ನು ಒತ್ತಿ. ಇನ್ನು ಗುರುತ್ವವೇ ರಾಕೆಟ್ಟನ್ನು ಬಾಗಿಸುತ್ತದೆ. ಮೂತಿ ಆ ಹಳದಿ ಗುರುತಿನಿಂದ ಐದು ಡಿಗ್ರಿಗಿಂತ ದೂರ ಹೋಗದಂತೆ ನೋಡಿಕೊಳ್ಳಿ, ಅದರಲ್ಲೂ 30 ಕಿಲೋಮೀಟರ್ ದಾಟುವವರೆಗೆ.

ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಸುಮಾರು 45 ಡಿಗ್ರಿ ಬಾಗಿರಬೇಕು. ಅಷ್ಟರಲ್ಲಿ ಇನ್ನೂ ನೆಟ್ಟಗೇ ಇದ್ದರೆ ಮೊದಲ ಬಾಗು ಸಾಲಲಿಲ್ಲ, ಮುಂದಿನ ಸಲ ಏಳು ಡಿಗ್ರಿ ಕೊಡಿ. ಆಗಲೇ ಮಲಗಿಬಿಟ್ಟಿದ್ದರೆ ಮೂರು ಕೊಡಿ. ಇದು ಒಂದೊಂದು ರಾಕೆಟ್‌ಗೂ ಬೇರೆ ಬೇರೆ, ಪುಸ್ತಕದ ಸಂಖ್ಯೆ ಇಲ್ಲ.

ಮೊದಲ ಸ್ಟೇಜ್ ಖಾಲಿಯಾಗುವ ಹೊತ್ತಿಗೆ ಅದರ ಟಿಡಬ್ಲ್ಯೂಆರ್ ಮೂರೂವರೆ ದಾಟಿರುತ್ತದೆ, ಇಂಧನ ಹೋಗಿ ತೂಕ ಅರ್ಧವಾಗಿರುತ್ತದಲ್ಲ. ಮೂತಿಯಲ್ಲಿ ಜ್ವಾಲೆ ಕಂಡರೆ ಥ್ರಾಟಲ್ ಸ್ವಲ್ಪ ಇಳಿಸಿ. ನಿಜವಾದ ಸ್ಪೇಸ್ ಶಟಲ್ ಕೂಡ ಗಾಳಿಯ ಒತ್ತಡ ಗರಿಷ್ಠವಾಗುವ ಹೊತ್ತಲ್ಲಿ ಮುಖ್ಯ ಎಂಜಿನ್‌ಗಳ ಥ್ರಾಟಲ್ ಇಳಿಸಿ ಆಮೇಲೆ ಏರಿಸುತ್ತಿತ್ತು. ಅಪೊಯಾಪ್ಸಿಸ್ 80 ಕಿಲೋಮೀಟರ್ ತಲುಪಿದ ತಕ್ಷಣ ಎಕ್ಸ್ ಒತ್ತಿ, ತುದಿಯ ಹತ್ತಿರ ಹೋಗಿ ಅಡ್ಡಕ್ಕೆ ಉರಿಸಿ, ಕಕ್ಷೆಯನ್ನು ದುಂಡಗೆ ಮಾಡಿ.

ಕೊನೆಗೆ ಎಫ್3 ಒತ್ತಿ. ಎಷ್ಟು ಜಿ ಬಿತ್ತು, ಗರಿಷ್ಠ ವೇಗ ಎಷ್ಟು ಅಂತ ಪಟ್ಟಿ ಬರುತ್ತದೆ. ಏನಾದರೂ ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಎಂಜಿನ್, ಟ್ಯಾಂಕ್, ರೆಕ್ಕೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಇನ್ನೂ ದೂರ ಹೋಗಬೇಕೇ?

ಮುನ್ ಸುತ್ತ ಕಕ್ಷೆ ಸೇರಿ ವಾಪಸ್ ಬರಲು ಒಟ್ಟು ಸುಮಾರು 4,900 ಬೇಕು: ಕಕ್ಷೆಗೆ 3,400, ಹೊರಡಲು 860, ಅಲ್ಲಿ ನಿಲ್ಲಲು 310, ಬಿಡಲು ಮತ್ತೆ 310. ನಮ್ಮ ಚಿಕ್ಕ ರಾಕೆಟ್ ಹತ್ತಿರ ಅಷ್ಟಿಲ್ಲ. ಈಗ ಕೈ ಮತ್ತೆ ಬೂಸ್ಟರ್ ಪಟ್ಟಿಯ ಕಡೆ ಹೋಗುತ್ತದೆ, ತಡೆಯಿರಿ. ಮೇಲಿನ ಸ್ಟೇಜಿನ ಟಿ400 ಟ್ಯಾಂಕ್ ತೆಗೆದು ಟಿ800 ಹಾಕಿ. ಟೆರಿಯರ್‌ನ ಟಿಡಬ್ಲ್ಯೂಆರ್ 1ಕ್ಕೆ ಇಳಿಯುತ್ತದೆ, ಪರವಾಗಿಲ್ಲ. ಕೆಳಗಿನ ಎಂಜಿನ್ ಹೊರುವ ಭಾರ ಜಾಸ್ತಿಯಾಯಿತು, ಆದ್ದರಿಂದ ಈಗ ಸ್ವಿವೆಲ್ ತೆಗೆದು ರಿಲಯಂಟ್ ಮತ್ತು ನಾಲ್ಕು ಅಲುಗಾಡುವ ರೆಕ್ಕೆ. ಹೊರಡುವಾಗ 1.4ರ ಮೇಲೆಯೇ ಇರುತ್ತದೆ. ಮುನ್‌ನಿಂದ ಬರುವಾಗ ವೇಗ ಜಾಸ್ತಿ, ಅಬ್ಲೇಟರ್ ಅನ್ನು 100ಕ್ಕೆ ಏರಿಸಿ. ಪಾಡ್‌ನ ಬ್ಯಾಟರಿ ಚಿಕ್ಕದು, ಪಕ್ಕದಲ್ಲಿ ಎರಡು ಓಎಕ್ಸ್-ಸ್ಟಾಟ್ ಸೋಲಾರ್ ಹಲಗೆ ಅಂಟಿಸಿ.

ಒಟ್ಟು ಡೆಲ್ಟಾ-ವಿ 5,200ರ ಆಸುಪಾಸು. ತೂಕ 14 ಟನ್ ಚಿಲ್ಲರೆ, ಮೊದಲಿನ ರಾಕೆಟ್ಟಿನ ಅರ್ಧ. ಅಂಚು ತೀರಾ ದೊಡ್ಡದಲ್ಲ, ಮುನ್ ಸುತ್ತ ಸುಮ್ನೆ ಇಂಧನ ಹಾಳು ಮಾಡಬೇಡಿ, ಮತ್ತು ಹೊರಡುವ ಮುಂಚೆ ಒಮ್ಮೆ ಎಫ್5 ಒತ್ತಿ ಆಟವನ್ನು ಉಳಿಸಿಕೊಳ್ಳಿ.